ಅನಾಯಾಸ, ದೈನ್ಯ ಮತ್ತು ಜನಮತ

ದಯಾಮರಣ ಎಂದಾಗ ದಯೆ ಸುತ್ತಲಿನವರದು. ಇಚ್ಛಾಮರಣ ಎಂದಾಗ ಇಚ್ಛೆ ಸಾಯುವವರದು. ಪತ್ರಿಕೆಗಳಲ್ಲಿ ಈಚೆಗೆ ರೂಢಿಗೆ ಬಂದಿರುವ ‘ಘನತೆಯಿಂದ ಸಾಯುವ ಹಕ್ಕು’ ಎಂಬ ಮಾತು ಇಬ್ಬರನ್ನೂ ದಾಟಿ ನ್ಯಾಯಾಲಯದ ಕಡೆಗೆ ನೋಡುತ್ತದೆ. ಮೂರರಲ್ಲಿ ಯಾವ ಪದ ಹಿಡಿದು ಕೇಳಲಾಯಿತು ಎಂಬುದನ್ನು ಅನುಸರಿಸಿ ಜನರ ಉತ್ತರವೂ ಬದಲಾಗುತ್ತದೆ. ಮಹಾಭಾರತದ ಇಚ್ಛಾಮರಣಿ ಭೀಷ್ಮನಂತೂ ತನಗಿದ್ದ ವರವನ್ನು ಬೇಗ ಸಾಯುವುದಕ್ಕೆ ಬಳಸಲಿಲ್ಲ. ಉತ್ತರಾಯಣ ಬರುವವರೆಗೆ ಶರಶಯ್ಯೆಯ ಮೇಲೆ ಕಾಯುವುದಕ್ಕೆ ಬಳಸಿದ.

ಕಾನೂನಿನ ಚರ್ಚೆಯಲ್ಲಿ ಮೂರು ಬೇರೆ ಬೇರೆ ಕೆಲಸಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ರೋಗಿಯ ಕೋರಿಕೆಯಂತೆ ವೈದ್ಯರೇ ಚುಚ್ಚುಮದ್ದು ಕೊಟ್ಟು ಜೀವ ಕೊನೆಗಾಣಿಸುವುದು ಒಂದು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ 2002ರಿಂದ ಇದಕ್ಕೆ ಒಪ್ಪಿಗೆ ಕೊಟ್ಟಿವೆ. ವೈದ್ಯರು ಬರೆದುಕೊಟ್ಟ ಔಷಧವನ್ನು ರೋಗಿ ತನ್ನ ಕೈಯಾರೆ ಸೇವಿಸುವುದು ಇನ್ನೊಂದು. ಅಮೆರಿಕದ ಆರೆಗಾನ್ ರಾಜ್ಯದ ಕಾನೂನು ಈ ಬಗೆಯದು. ವೆಂಟಿಲೇಟರ್, ಕೊಳವೆಯ ಆಹಾರದಂಥ ಜೀವಾಧಾರಗಳನ್ನು ಹಿಂತೆಗೆದು ರೋಗ ತನ್ನ ದಾರಿ ಹಿಡಿಯಲು ಬಿಡುವುದು ಮೂರನೆಯದು. ಭಾರತದಲ್ಲಿ ಒಪ್ಪಿಗೆಯಿರುವುದು ಇದೊಂದಕ್ಕೇ. ಮೊದಲೆರಡರಲ್ಲಿ ಸಾವಿಗೆ ಕಾರಣ ಔಷಧ, ಮೂರನೆಯದರಲ್ಲಿ ರೋಗ. ಈ ಭೇದ ನಿಜವೇ, ಅಥವಾ ವೈದ್ಯರು ತಮ್ಮ ಸಮಾಧಾನಕ್ಕೆ ಮಾಡಿಕೊಂಡದ್ದೇ ಎಂಬ ವಾದ ತತ್ತ್ವಶಾಸ್ತ್ರದಲ್ಲಿ ಇನ್ನೂ ಮುಗಿದಿಲ್ಲ. ಅಮೆರಿಕದ ಜೇಮ್ಸ್ ರೇಚಲ್ಸ್ 1975ರ ತಮ್ಮ ಲೇಖನದಲ್ಲಿ, ಕೊಲ್ಲುವುದಕ್ಕೂ ಸಾಯಲು ಬಿಡುವುದಕ್ಕೂ ನಡುವೆ ತನ್ನಷ್ಟಕ್ಕೆ ನೈತಿಕ ಅಂತರವೇನೂ ಇಲ್ಲ ಎಂದು ವಾದಿಸಿದರು. ತರ್ಕ ಬಲವಾದದ್ದೇ. ಆದರೆ ಹಾಸಿಗೆಯ ಪಕ್ಕ ಕೂತ ಮಗನಿಗೆ ಕೊಳವೆ ತೆಗೆಯಿರಿ ಎನ್ನುವುದೂ ಸೂಜಿ ಚುಚ್ಚಿ ಎನ್ನುವುದೂ ಒಂದೇ ಆಗಿ ಕೇಳುವುದಿಲ್ಲ.

ಜನಾಭಿಪ್ರಾಯವನ್ನು ಬಹುಕಾಲದಿಂದ ಅಳೆಯುತ್ತ ಬಂದಿರುವ ದೇಶ ಅಮೆರಿಕ. ವಾಸಿಯಾಗದ ರೋಗವಿದ್ದಾಗ, ರೋಗಿಯೂ ಕುಟುಂಬದವರೂ ಕೋರಿದರೆ, ವೈದ್ಯರು ನೋವಿಲ್ಲದ ರೀತಿಯಲ್ಲಿ ಜೀವ ಕೊನೆಗಾಣಿಸಲು ಕಾನೂನು ಬಿಡಬೇಕೇ ಎಂದು ಗ್ಯಾಲಪ್ ಸಂಸ್ಥೆ 1947ರಲ್ಲಿ ಕೇಳಿದಾಗ ಹೌದು ಎಂದವರು ಶೇಕಡಾ 37. 1973ಕ್ಕೆ ಅದು 53 ಆಯಿತು, ಈಗ 70ರ ಆಚೀಚೆ ಇದೆ. ಅದೇ ಸಂಸ್ಥೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತದೆ: ವಾಸಿಯಾಗದ ರೋಗದಿಂದ ತೀವ್ರ ನೋವಿನಲ್ಲಿರುವ ರೋಗಿ ಕೋರಿದರೆ, ಆತ ಆತ್ಮಹತ್ಯೆ ಮಾಡಿಕೊಳ್ಳಲು ವೈದ್ಯರು ನೆರವಾಗಬಹುದೇ? 2013ರಲ್ಲಿ ಮೊದಲ ಪ್ರಶ್ನೆಗೆ ಶೇಕಡಾ 70 ಜನ ಹೌದೆಂದರು, ಎರಡನೆಯದಕ್ಕೆ 51. ಎರಡನೆಯ ಪ್ರಶ್ನೆಯಲ್ಲಿ ರೋಗಿಯ ನೋವು ಹೆಚ್ಚು, ವೈದ್ಯರ ಪಾತ್ರ ಕಡಿಮೆ, ಕೊನೆಯ ಹೆಜ್ಜೆ ರೋಗಿಯದೇ. ಸ್ವಂತ ನಿರ್ಧಾರಕ್ಕೆ ಬೆಲೆ ಕೊಡುವ ಸಮಾಜ ಎರಡನೆಯದನ್ನೇ ಹೆಚ್ಚು ಒಪ್ಪಬೇಕಿತ್ತು. ಆಗಿದ್ದು ತದ್ವಿರುದ್ಧ. ಆ 19ರ ಅಂತರಕ್ಕೆ ‘ಆತ್ಮಹತ್ಯೆ’ ಎಂಬ ಪದವೇ ಮುಖ್ಯ ಕಾರಣ ಎಂದು ಸಮೀಕ್ಷಕರು ಹೇಳುತ್ತಾರೆ. ಪ್ರಶ್ನೆಯಿಂದ ಕುಟುಂಬದವರ ಹೆಸರು ಜಾರಿಹೋದದ್ದೂ ಲೆಕ್ಕಕ್ಕೆ ಬಂದಿರಬಹುದು. ಒಬ್ಬರೇ ಬೇಡುವ ಸಾವಿಗಿಂತ ಮನೆಮಂದಿ ಸೇರಿ ಒಪ್ಪಿದ ಸಾವು ಜನರಿಗೆ ಸಹ್ಯವಾಗಿ ತೋರುತ್ತದೆ. 2024ರ ಹೊತ್ತಿಗೆ ಎರಡು ಪ್ರಶ್ನೆಗಳಿಗೆ ಹೌದೆಂದವರು 71 ಮತ್ತು 66 ಆಗಿ ಅಂತರ ಕಿರಿದಾಗಿದೆ.

ಪದಗಳಿಗಿಂತ ಆಳದಲ್ಲಿರುವುದು ಕಾರಣಗಳ ಪ್ರಶ್ನೆ. ಪ್ಯೂ ಸಂಶೋಧನಾ ಕೇಂದ್ರ 2013ರಲ್ಲಿ ಒಬ್ಬ ವ್ಯಕ್ತಿಗೆ ಯಾವ ಸ್ಥಿತಿಯಲ್ಲಿ ತನ್ನ ಬದುಕನ್ನು ಮುಗಿಸಿಕೊಳ್ಳುವ ನೈತಿಕ ಹಕ್ಕಿರುತ್ತದೆ ಎಂದು ಅಮೆರಿಕನ್ನರನ್ನು ಕೇಳಿತು. ಗುಣವಾಗುವ ಆಸೆಯಿಲ್ಲದ ತೀವ್ರ ನೋವಿನಲ್ಲಿದ್ದರೆ ಹಕ್ಕಿದೆ ಎಂದವರು ಶೇಕಡಾ 62. ಬದುಕೇ ಭಾರವಾಗಿ ಸಾಯಲು ಸಿದ್ಧರಾಗಿದ್ದರೆ ಎಂದಾಗ 38ಕ್ಕೆ ಇಳಿಯಿತು. ಕುಟುಂಬಕ್ಕೆ ಬಹಳ ಹೊರೆಯಾಗಿದ್ದರೆ ಎಂದಾಗ 32. ನೋವನ್ನು ಜನ ಕಾರಣವೆಂದು ಒಪ್ಪುತ್ತಾರೆ, ಹೊರೆಯಾಗುವುದನ್ನು ಒಪ್ಪುವುದಿಲ್ಲ. ಯಾರೂ ಯಾರಿಗೂ ಹೊರೆಯಾಗಿದ್ದೇನೆಂದು ಸಾಯಬಾರದು ಎಂಬ ಒಳ್ಳೆಯ ಭಾವನೆ ಇದರ ಹಿಂದಿದೆ.

ಸಾಯುವವರು ಕೊಡುವ ಕಾರಣಗಳ ಪಟ್ಟಿ ಮಾತ್ರ ತಿರುಗಿ ನಿಂತಿದೆ. ಆರೆಗಾನ್‌ನ ಆರೋಗ್ಯ ಇಲಾಖೆ 1998ರಿಂದ ವರ್ಷವರ್ಷವೂ ವರದಿ ಹೊರತರುತ್ತದೆ. ಔಷಧ ಕೋರಿದವರ ಚಿಂತೆ ಏನಾಗಿತ್ತು ಎಂಬುದನ್ನು ವೈದ್ಯರು ಒಂದು ನಮೂನೆಯಲ್ಲಿ ತುಂಬಿ ಕೊಡಬೇಕು. ಸ್ವಾತಂತ್ರ್ಯ ಕಳೆದುಕೊಳ್ಳುವುದು, ಬದುಕಿಗೆ ಸಂತೋಷ ಕೊಡುತ್ತಿದ್ದ ಕೆಲಸಗಳನ್ನು ಮಾಡಲಾಗದಿರುವುದು, ಇವೆರಡನ್ನೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೇಳಿಕೊಂಡಿದ್ದಾರೆ. ಘನತೆ ಕಳೆದುಕೊಳ್ಳುವ ಚಿಂತೆ ಆಮೇಲಿನದು. ಮನೆಯವರಿಗೆ ಹೊರೆಯಾಗುವ ಚಿಂತೆ ಅರ್ಧದ ಸಮೀಪ ಜನರಲ್ಲಿದೆ. ನೋವು, ಅಥವಾ ಮುಂದೆ ಬರಬಹುದಾದ ನೋವಿನ ಭಯ, ಮೂರನೇ ಒಂದರ ಆಸುಪಾಸಿನಲ್ಲಿ ಉಳಿಯುತ್ತದೆ. ಜನ ಯಾವುದಕ್ಕಾಗಿ ಕಾನೂನನ್ನು ಬೆಂಬಲಿಸುತ್ತಾರೋ ರೋಗಿಗಳು ಅದಕ್ಕಾಗಿ ಅದನ್ನು ಬಳಸುತ್ತಿಲ್ಲ. ಜನ ಒಪ್ಪದ ಕಾರಣ ರೋಗಿಗಳ ಬಾಯಲ್ಲಿ ಪದೇ ಪದೇ ಬರುತ್ತದೆ. ಗಟ್ಟಿಮುಟ್ಟಾದವರು ಉತ್ತರ ಕೊಡುವಾಗ ಮನಸ್ಸಿನಲ್ಲಿರುವುದು ನರಳಾಟ. ಹಾಸಿಗೆ ಹಿಡಿದವರ ಮನಸ್ಸಿನಲ್ಲಿರುವುದು ಸ್ನಾನಕ್ಕೂ ಶೌಚಕ್ಕೂ ಇನ್ನೊಬ್ಬರ ಕೈ ಕಾಯಬೇಕಾದ ನಾಳೆ.

ದೇವರ ದರ್ಶನ ಮುಗಿಸಿ ಹೊರಬಂದ ಹಿರಿಯರು ಗುಡಿಯ ಮೆಟ್ಟಿಲ ಮೇಲೆ ಒಂದು ನಿಮಿಷ ಕೂತು ಹೇಳಿಕೊಳ್ಳುವ ಹಳೆಯ ಪ್ರಾರ್ಥನೆಯೊಂದಿದೆ. ಅನಾಯಾಸವಾದ ಸಾವನ್ನೂ ದೈನ್ಯವಿಲ್ಲದ ಬದುಕನ್ನೂ ಅದು ಬೇರೆ ಬೇರೆಯಾಗಿ ಬೇಡುತ್ತದೆ. ಪ್ರಾರ್ಥನೆ ಕಟ್ಟಿದವರು ಈ ಎರಡನ್ನೂ ಒಂದು ಮಾಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ‘ಕೈಕಾಲು ಗಟ್ಟಿಯಿರುವಾಗಲೇ ಹೋಗಿಬಿಡಬೇಕು’ ಎಂದು ಹಳ್ಳಿಯ ಜಗಲಿಯಲ್ಲಿ ಕೂತ ಅಜ್ಜಿ ಹೇಳುವಾಗಲೂ ಆಕೆ ಹೆದರಿರುವುದು ನೋವಿಗಲ್ಲ, ದೈನ್ಯಕ್ಕೆ. ನೋವಿಗೆ ಔಷಧವಿದೆ. ದೈನ್ಯಕ್ಕೆ ಬೇಕಾದದ್ದು ಮನುಷ್ಯರು: ಮುಖ ಸಿಂಡರಿಸದೆ ಮೈ ಒರೆಸುವವರು, ಹೊತ್ತಿಗೆ ಮಗ್ಗುಲು ಬದಲಿಸುವವರು. ದಯಾಮರಣದ ಪ್ರಶ್ನೆಯ ನಿಜವಾದ ತೂಕ ಇಲ್ಲಿದೆ. ಸಮೀಕ್ಷೆಯ ಶೇಕಡಾವಾರಿನಲ್ಲಿ ಅದು ಕಾಣುವುದಿಲ್ಲ.

ಆರೆಗಾನ್‌ನ ಲೆಕ್ಕದಲ್ಲಿ ಇನ್ನೊಂದು ವಿಷಯವಿದೆ. ಔಷಧ ಬರೆಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಅದನ್ನು ಸೇವಿಸುವುದೇ ಇಲ್ಲ. ಆರು ತಿಂಗಳೊಳಗೆ ಸಾವು ಖಚಿತ ಎಂದು ಇಬ್ಬರು ವೈದ್ಯರು ಹೇಳಿರುತ್ತಾರೆ, ಬಾಯಿಮಾತಿನ ಕೋರಿಕೆ ಎರಡು ಬಾರಿ, ಬರಹದಲ್ಲಿ ಒಂದು ಬಾರಿ ಆಗಿರುತ್ತದೆ. ಅಷ್ಟೆಲ್ಲ ಮಾಡಿ ಪಡೆದ ಔಷಧ ಕಡೆಗೂ ಕಪಾಟಿನಲ್ಲೇ ಉಳಿಯುತ್ತದೆ, ರೋಗಿ ರೋಗದಿಂದಲೇ ಸಾಯುತ್ತಾರೆ. ಬಾಗಿಲು ತೆರೆದಿದೆ ಎಂಬ ತಿಳಿವಳಿಕೆಯೇ ಇವರಲ್ಲಿ ಹಲವರಿಗೆ ಸಾಕಾಗಿತ್ತು ಎಂದು ಕಾನೂನಿನ ಪರ ಇರುವವರು ಹೇಳುತ್ತಾರೆ. ಆ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು.

ಸಮೀಕ್ಷೆಗಿಂತ ಮತಪೆಟ್ಟಿಗೆ ಹೆಚ್ಚು ಗಂಭೀರ, ಏಕೆಂದರೆ ಅಲ್ಲಿ ಉತ್ತರಕ್ಕೆ ಫಲವಿದೆ. ಆರೆಗಾನ್‌ನ ಜನ 1994ರಲ್ಲಿ ಕಾನೂನನ್ನು ಒಪ್ಪಿದ್ದು ಶೇಕಡಾ 51ರಷ್ಟು ಮತಗಳಿಂದ. ನ್ಯಾಯಾಲಯದ ತಡೆ ಬಂತು. 1997ರಲ್ಲಿ ಕಾನೂನನ್ನು ರದ್ದು ಮಾಡಬೇಕೇ ಎಂದು ಮತ್ತೆ ಕೇಳಿದಾಗ ಶೇಕಡಾ 60 ಜನ ಬೇಡ ಎಂದರು. ಸ್ವಿಟ್ಜರ್ಲೆಂಡ್‌ನಲ್ಲಿ 1942ರಿಂದ ಜಾರಿಯಲ್ಲಿರುವ ದಂಡಸಂಹಿತೆ, ಸ್ವಾರ್ಥದ ಉದ್ದೇಶದಿಂದ ಆತ್ಮಹತ್ಯೆಗೆ ನೆರವಾದರೆ ಮಾತ್ರ ಶಿಕ್ಷೆ ಎನ್ನುತ್ತದೆ. 2011ರಲ್ಲಿ ಜ್ಯೂರಿಕ್ ಪ್ರಾಂತ್ಯದಲ್ಲಿ ಇಂಥ ನೆರವನ್ನೇ ನಿಷೇಧಿಸುವ ಪ್ರಸ್ತಾವವನ್ನು ಶೇಕಡಾ 80ಕ್ಕೂ ಹೆಚ್ಚು ಮತದಾರರು ತಿರಸ್ಕರಿಸಿದರು. ಹೊರದೇಶದವರು ಸಾಯಲು ಅಲ್ಲಿಗೆ ಬರುವುದನ್ನು ತಡೆಯುವ ಪ್ರಸ್ತಾವಕ್ಕೂ ಅದೇ ಗತಿಯಾಯಿತು.

ನ್ಯೂಜಿಲೆಂಡ್‌ನ ಕಥೆ ಹೆಚ್ಚು ಕಲಿಸುತ್ತದೆ. ಮೆದುಳಿನ ಗೆಡ್ಡೆಯಿದ್ದ ವಕೀಲೆ ಲೆಕ್ರೀಷಿಯಾ ಸೀಲ್ಸ್ ವೈದ್ಯರ ನೆರವಿನಿಂದ ಸಾಯುವ ಹಕ್ಕು ಕೇಳಿ ಹೈಕೋರ್ಟಿಗೆ ಹೋದರು. ಇದು ಸಂಸತ್ತು ತೀರ್ಮಾನಿಸಬೇಕಾದ ಮಾತು ಎಂದು ನ್ಯಾಯಾಲಯ ಹೇಳಿತು. ತೀರ್ಪಿನ ವಾರದಲ್ಲೇ, 2015ರ ಜೂನ್‌ನಲ್ಲಿ, 42ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮಸೂದೆ ಬಂದಾಗ ಸಂಸದೀಯ ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಸುಮಾರು 39,000 ಮನವಿಗಳು ಬಂದವು, ಅವುಗಳಲ್ಲಿ ಹತ್ತಕ್ಕೆ ಒಂಬತ್ತು ವಿರೋಧದವು. 2020ರ ಅಕ್ಟೋಬರ್‌ನಲ್ಲಿ ಜನಮತಗಣನೆ ನಡೆದಾಗ ಶೇಕಡಾ 65.1 ಮತಗಳು ಕಾನೂನಿನ ಪರ ಬಿದ್ದವು. 2021ರ ನವೆಂಬರ್ 7ರಂದು ಕಾನೂನು ಜಾರಿಗೆ ಬಂತು. ಕಾಗದ ತೆಗೆದು ಬರೆಯುವಷ್ಟು ಕಾಳಜಿ ಇದ್ದವರು ಒಂದು ಕಡೆ, ಮತಗಟ್ಟೆಗೆ ಬಂದವರ ಬಹುಮತ ಇನ್ನೊಂದು ಕಡೆ. ಬರೆದವರಲ್ಲಿ ಚರ್ಚಿನವರು, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ದಾದಿಯರು ಮತ್ತು ವೈದ್ಯರು, ಅಂಗವಿಕಲರು ಇದ್ದರು. ಮತ ಹಾಕಿದವರಲ್ಲಿ, ಈ ಕಾನೂನು ಬರುವುದು ಯಂತ್ರ ನಿಲ್ಲಿಸುವುದಕ್ಕೆ ಎಂದು ತಪ್ಪಾಗಿ ತಿಳಿದವರೂ ಇದ್ದರು. ಅದಕ್ಕೆ ಆ ದೇಶದಲ್ಲಿ ಮೊದಲೇ ಅವಕಾಶವಿತ್ತು. ಹೀಗೆಂದು ಆ ಬಹುಮತ ಸುಳ್ಳಾಗುವುದಿಲ್ಲ. ಅಪ್ಪ, ಅಮ್ಮ, ಗಂಡ ಕೊನೆಯ ದಿನಗಳಲ್ಲಿ ಪಟ್ಟ ಪಾಡನ್ನು ಕಣ್ಣಾರೆ ಕಂಡು ಮತ ಹಾಕಿದವರೂ ಅದರಲ್ಲಿದ್ದರು, ಅವರ ಅರಿವು ಯಾವ ಮನವಿಗಿಂತ ಹಗುರವಲ್ಲ.

ಸ್ಲೊವೇನಿಯಾದಲ್ಲಿ ದಿಕ್ಕೇ ಬದಲಾಯಿತು. 2024ರ ಜೂನ್‌ನಲ್ಲಿ ಸಲಹೆಯ ರೂಪದ ಮತದಾನದಲ್ಲಿ ಶೇಕಡಾ 55 ಜನ ತತ್ತ್ವಕ್ಕೆ ಹೌದೆಂದರು. 2025ರ ಜುಲೈನಲ್ಲಿ ಸಂಸತ್ತು ಕಾನೂನು ಮಾಡಿತು. ಅದೇ ವರ್ಷ ನವೆಂಬರ್ 23ರಂದು ಆ ಕಾನೂನನ್ನೇ ಜನರ ಮುಂದಿಟ್ಟಾಗ ಶೇಕಡಾ 53 ಜನ ಬೇಡವೆಂದರು. ಹದಿನೇಳು ತಿಂಗಳಲ್ಲಿ ಆ ನಾಡಿನ ನೀತಿಪ್ರಜ್ಞೆ ತಲೆಕೆಳಗಾಯಿತೆಂದು ಹೇಳಲಾಗದು. ಮೊದಲ ಬಾರಿ ಕೇಳಿದ್ದು ಒಂದು ಆಶಯವನ್ನು, ಎರಡನೆಯ ಬಾರಿ ಕೇಳಿದ್ದು ಕಲಮು ಉಪಕಲಮುಗಳಿದ್ದ ಒಂದು ವ್ಯವಸ್ಥೆಯನ್ನು. ಬ್ರಿಟನ್ನಿನ ಜನಾಭಿಪ್ರಾಯವಾದರೋ ದಶಕಗಳಿಂದ ಬಹುಪಾಲು ಪರವಾಗಿಯೇ ಇದ್ದರೂ ಹೌಸ್ ಆಫ್ ಕಾಮನ್ಸ್ 2015ರಲ್ಲಿ ಮಸೂದೆಯನ್ನು 330ಕ್ಕೆ 118 ಮತಗಳಿಂದ ತಳ್ಳಿಹಾಕಿತು. 2024ರ ನವೆಂಬರ್‌ನಲ್ಲಿ ಅದೇ 330ರ ಸಂಖ್ಯೆ ಪರ ಪಕ್ಷಕ್ಕೆ ಬಂತು, ವಿರುದ್ಧ 275. ಪರಿಶೀಲನೆಯ ನಂತರ 2025ರ ಜೂನ್‌ನಲ್ಲಿ ಅದು 314 ಮತ್ತು 291 ಆಯಿತು. ವಿವರ ಹೆಚ್ಚಿದಂತೆ ಬೆಂಬಲ ತೆಳುವಾಗುವುದು ಇಲ್ಲಿಯೂ ಕಾಣುತ್ತದೆ.

ಬಹುಮತ ಬಂದರೆ ಸರಿಯಾಗಿಬಿಡುತ್ತದೆಯೇ ಎಂಬ ಪ್ರಶ್ನೆಯನ್ನು ಧರ್ಮಗಳು ಒಪ್ಪುವುದೇ ಇಲ್ಲ. ಜೀವ ದೇವರು ಕೊಟ್ಟದ್ದು, ಹಿಂದಕ್ಕೆ ಪಡೆಯುವ ಅಧಿಕಾರವೂ ಅವನದೇ ಎಂಬುದು ಕ್ರೈಸ್ತ, ಇಸ್ಲಾಂ ಮತ್ತು ಯೆಹೂದಿ ಪರಂಪರೆಗಳ ಮುಖ್ಯ ನಿಲುವು. ಹಾಗಿದ್ದರೂ ವ್ಯಾಟಿಕನ್‌ನ 1980ರ ಘೋಷಣೆ, ಫಲಕ್ಕೆ ಮೀರಿದ ಹೊರೆಯಾಗುವ ಚಿಕಿತ್ಸೆಯನ್ನು ಬೇಡವೆನ್ನಬಹುದು, ಆಯಸ್ಸು ತುಸು ಕಡಿಮೆಯಾದರೂ ನೋವು ತಗ್ಗಿಸುವ ಔಷಧ ಕೊಡಬಹುದು ಎಂದು ಹೇಳುತ್ತದೆ. ಧರ್ಮಗಳು ಎಂದರೆ ಕೊನೆಯುಸಿರಿನವರೆಗೂ ಯಂತ್ರಕ್ಕೆ ಕಟ್ಟಿಹಾಕುವವರು ಎಂಬ ಜನಪ್ರಿಯ ಎಣಿಕೆ ತಪ್ಪು.

ಜೈನರ ಸಲ್ಲೇಖನ ಈ ಚರ್ಚೆಯಲ್ಲಿ ಪದೇ ಪದೇ ತಪ್ಪಾಗಿ ಬಳಕೆಯಾಗುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ, ಸುಮಾರು ಏಳನೆಯ ಶತಮಾನದಿಂದ ಮೊದಲ್ಗೊಂಡು, ಅನ್ನಾಹಾರಗಳನ್ನು ಬಿಟ್ಟು ದೇಹ ತ್ಯಜಿಸಿದ ಮುನಿಗಳ ಮತ್ತು ಶ್ರಾವಕ ಶ್ರಾವಕಿಯರ ಹೆಸರುಗಳು ಕೊರೆದಿವೆ. ಇದನ್ನು ತೋರಿಸಿ ‘ನಮ್ಮಲ್ಲಿ ಇಚ್ಛಾಮರಣ ಮೊದಲೇ ಇತ್ತು’ ಎನ್ನುವುದುಂಟು. ಆದರೆ ತತ್ತ್ವಾರ್ಥಸೂತ್ರ ಸಲ್ಲೇಖನದ ಐದು ಅತಿಚಾರಗಳನ್ನು ಎಣಿಸುವಾಗ ಬದುಕಿನ ಆಸೆಯ ಜೊತೆಗೇ ಸಾವಿನ ಆಸೆಯನ್ನೂ ದೋಷವೆಂದು ಹೇಳುತ್ತದೆ. ಬೇಗ ಮುಗಿಯಲಿ ಎಂದು ಬಯಸಿದರೆ ವ್ರತಕ್ಕೆ ಭಂಗ. ನೋವಿನಿಂದ ಪಾರಾಗಲು ಸಾವನ್ನು ಬಯಸುವುದು ದಯಾಮರಣದ ತಿರುಳು. ಆ ಬಯಕೆಯನ್ನೇ ಬಿಡುವುದು ಸಲ್ಲೇಖನದ ತಿರುಳು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಈ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ದೇಶದ ಹಲವು ಊರುಗಳಲ್ಲಿ ಜೈನರು ಬಾಯಿಮುಚ್ಚಿ ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ತೀರ್ಪಿಗೆ ತಡೆ ಕೊಟ್ಟಿತು.

ವಿರೋಧದ ಇನ್ನೊಂದು ದನಿ ಧರ್ಮದಿಂದ ಬಂದದ್ದಲ್ಲ. ಕೆನಡಾದಲ್ಲಿ 2016ರಲ್ಲಿ ಬಂದ ಕಾನೂನು ಸಾವು ಸಮೀಪಿಸಿದವರಿಗೆ ಮಾತ್ರ ಇತ್ತು. 2021ರ ತಿದ್ದುಪಡಿ ಆ ಷರತ್ತನ್ನು ತೆಗೆದು, ಸಾವು ದೂರವಿದ್ದರೂ ಸಹಿಸಲಾಗದ ಯಾತನೆಯಿರುವ ಅಂಗವಿಕಲರಿಗೂ ದೀರ್ಘರೋಗಿಗಳಿಗೂ ದಾರಿ ತೆರೆಯಿತು. 2023ರಲ್ಲಿ 15,343 ಮಂದಿ, ಅಂದರೆ ಅಲ್ಲಿ ಸತ್ತವರಲ್ಲಿ ಶೇಕಡಾ 4.7, ಹೀಗೆ ಸತ್ತರು. ಬದುಕಲು ಬೇಕಾದ ಮನೆ, ಸಹಾಯಕರು, ಪಿಂಚಣಿ ಸಿಗಲು ವರ್ಷಗಟ್ಟಲೆ ಕಾಯಬೇಕು, ಸಾವು ಮಾತ್ರ ಕೆಲವೇ ತಿಂಗಳಲ್ಲಿ ಸಿಗುತ್ತದೆ ಎಂಬುದು ಅಂಗವಿಕಲರ ಸಂಘಟನೆಗಳ ದೂರು. ಜನ ಯಾವ ಸ್ಥಿತಿಯನ್ನು ‘ಇದಕ್ಕಿಂತ ಸಾವೇ ಮೇಲು’ ಎಂದು ಸಮೀಕ್ಷೆಯಲ್ಲಿ ಹೇಳುತ್ತಾರೋ ಅದೇ ಸ್ಥಿತಿಯಲ್ಲಿ ಇವರು ದಿನಾ ಎದ್ದು ಕೆಲಸ ಮಾಡುತ್ತಿದ್ದಾರೆ. ಈ ಮಾತಿಗೆ ಕಾನೂನಿನ ಪರ ಇರುವವರಿಂದ ಪೂರ್ತಿ ಉತ್ತರ ಬಂದಿಲ್ಲ.

ಭಾರತದಲ್ಲಿ ಈ ಪ್ರಶ್ನೆ ಮತಪೆಟ್ಟಿಗೆಗೆ ಹೋಗಿಲ್ಲ. ನ್ಯಾಯಾಲಯಗಳೇ ಬಿಡಿಸುತ್ತ ಬಂದಿವೆ. ಬದುಕುವ ಹಕ್ಕಿನೊಳಗೆ ಸಾಯುವ ಹಕ್ಕು ಸೇರಿಲ್ಲ ಎಂದು 1996ರ ಜ್ಞಾನ್ ಕೌರ್ ತೀರ್ಪು ಹೇಳಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಘನತೆಯ ಸಾವು ಬದುಕುವ ಹಕ್ಕಿನ ಭಾಗವೆಂದು ಒಪ್ಪಿ, ಮುಂದೆ ತನಗೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವುದಕ್ಕೆ ಮಾನ್ಯತೆ ಕೊಟ್ಟಿತು. ಬರೆದಿಡುವ ವಿಧಾನ ಬಿಗಿಯಾಗಿದ್ದು, 2023ರಲ್ಲಿ ಅದನ್ನು ಸಡಿಲಿಸಲಾಯಿತು: ಇಬ್ಬರು ಸಾಕ್ಷಿಗಳೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಹಾಕಿದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಆಸ್ಪತ್ರೆಗಳಲ್ಲಿ ಇದಕ್ಕೆ ಬೇಕಾದ ವೈದ್ಯಕೀಯ ಮಂಡಳಿಗಳ ಬಗ್ಗೆ ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ವರ್ಷಗಳ ಕಾಲ ಸರ್ಕಾರಗಳಿಗೂ ನ್ಯಾಯಾಲಯಕ್ಕೂ ಪತ್ರ ಬರೆಯುತ್ತ ಬಂದವರು. ಆದೇಶ ಬಂದಾಗ ಹಲವರು ದಯಾಮರಣವೇ ಬಂತೆಂದು ತಿಳಿದರು. ಚುಚ್ಚುಮದ್ದಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಆರೋಗ್ಯ ಸಚಿವರು ಸ್ಪಷ್ಟನೆ ಕೊಡಬೇಕಾಯಿತು.

ಬರೆದಿಟ್ಟ ಕಾಗದಗಳಿಗಿಂತ ಮೊದಲೇ ಇಲ್ಲಿನ ಮನೆಗಳಲ್ಲಿ ಒಂದು ರೂಢಿ ಇದೆ. ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂಬ ಮಾತು ವೈದ್ಯರಿಂದ ಬರುತ್ತದೆ, ಅಥವಾ ಐಸಿಯು ಬಿಲ್ಲು ನೋಡಿ ಮನೆಯವರೇ ಕೇಳಿಕೊಳ್ಳುತ್ತಾರೆ. ಆಂಬುಲೆನ್ಸಿನಲ್ಲಿ ಒಬ್ಬರು ಊರು ಮುಟ್ಟುವವರೆಗೆ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತ ಕೂರುತ್ತಾರೆ. ಹೊಸ್ತಿಲು ದಾಟಿ ಚಾಪೆಯ ಮೇಲೆ ಮಲಗಿಸಿದ ಮೇಲೆ ಕೊಳವೆ ತೆಗೆದು ಬಾಯಿಗೆ ತುಳಸಿ ನೀರು ಬಿಡುತ್ತಾರೆ. ಇದನ್ನು ಯಾರೂ ದಯಾಮರಣ ಎನ್ನುವುದಿಲ್ಲ. ಇದರಲ್ಲಿ ಎಷ್ಟು ಪಾಲು ಒಪ್ಪಿಗೆ, ಎಷ್ಟು ಪಾಲು ದುಡ್ಡಿಲ್ಲದ ಅಸಹಾಯಕತೆ ಎಂದು ಬಿಡಿಸುವುದು ಆ ಮನೆಯವರಿಗೂ ಆಗದ ಕೆಲಸ. ಆಯ್ಕೆಯ ಹಕ್ಕಿನ ಮಾತು ಇಂಥಲ್ಲಿ ಬಹಳ ದೂರದ್ದಾಗಿ ಕೇಳುತ್ತದೆ. 1985ರ ಮಾದಕವಸ್ತು ಕಾಯ್ದೆಯ ಕಟ್ಟುಪಾಡಿನಿಂದ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಮಾತ್ರೆ ಸಿಗುವುದೇ ದುಸ್ತರವಾಗಿತ್ತು. 2014ರ ತಿದ್ದುಪಡಿ ನಿಯಮ ಸಡಿಲಿಸಿದರೂ ತಾಲ್ಲೂಕು ಮಟ್ಟದಲ್ಲಿ ಅದು ಇನ್ನೂ ಸಲೀಸಾಗಿ ಸಿಗುವುದಿಲ್ಲ. ಬೆಂಗಳೂರಿನ ಕರುಣಾಶ್ರಯದಂತೆ ಕೊನೆಗಾಲದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುವ ನೆಲೆಗಳು ಬೆರಳೆಣಿಕೆಯವು.

ಭಾರತದ ಕಾನೂನನ್ನು ಈ ದಾರಿಗೆ ಹಚ್ಚಿದ ಪ್ರಕರಣ ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರದು. 1973ರ ನವೆಂಬರ್‌ನಲ್ಲಿ ಅಲ್ಲಿನ ನೌಕರನೊಬ್ಬನ ಹಲ್ಲೆಯಿಂದ ಮೆದುಳಿಗೆ ಪೆಟ್ಟಾಗಿ ಅವರು ಮತ್ತೆ ಎಚ್ಚರದ ಬದುಕಿಗೆ ಮರಳಲಿಲ್ಲ. ಅವರ ಬಗ್ಗೆ ಪುಸ್ತಕ ಬರೆದ ಪತ್ರಕರ್ತೆ ಪಿಂಕಿ ವಿರಾನಿ, ಇಂಥ ಸ್ಥಿತಿಯಲ್ಲಿ ಆಹಾರ ಕೊಟ್ಟು ಉಳಿಸಿಕೊಳ್ಳುವುದು ಬದುಕಲ್ಲ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಆಸ್ಪತ್ರೆಯ ದಾದಿಯರು ಒಟ್ಟಾಗಿ ವಿರೋಧಿಸಿದರು. 2011ರ ಮಾರ್ಚ್ 7ರ ತೀರ್ಪು ಜೀವಾಧಾರ ಹಿಂತೆಗೆಯುವುದನ್ನು ತತ್ತ್ವದಲ್ಲಿ ಒಪ್ಪಿತು, ಆದರೆ ಅರುಣಾ ಪರವಾಗಿ ಮಾತನಾಡುವ ಅಧಿಕಾರ ಪುಸ್ತಕ ಬರೆದವರಿಗಲ್ಲ, ದಶಕಗಳಿಂದ ನೋಡಿಕೊಂಡವರಿಗೆ ಇದೆ ಎಂದಿತು. ದಾದಿಯರು ಸಿಹಿ ಹಂಚಿದರು. ಅರುಣಾ ಅವರ ಸ್ವಂತ ಇಚ್ಛೆ ಏನಿತ್ತು ಎಂದು ವಿರಾನಿಗೂ ತಿಳಿದಿರಲಿಲ್ಲ, ದಾದಿಯರಿಗೂ ತಿಳಿದಿರಲಿಲ್ಲ; ಆ ಕೊರತೆಯನ್ನು ಯಾರ ಪ್ರೀತಿಯೂ ತುಂಬಲಾಗದು. ತೀರ್ಪಿನಲ್ಲಿ ದಾಖಲಾದ ಸಂಗತಿಗಳು ಹೀಗಿವೆ: 37 ವರ್ಷ ಮಲಗಿದ್ದ ಆ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣು ಇರಲಿಲ್ಲ. ಅರೆದ ಊಟವನ್ನು ಬಾಯಿಗೆ ಉಣಿಸಲಾಗುತ್ತಿತ್ತು. ತರಬೇತಿಗೆ ಸೇರುವ ಹೊಸ ದಾದಿಯರ ಪ್ರತಿ ತಂಡವನ್ನೂ ಆ ಸಣ್ಣ ಕೋಣೆಗೆ ಕರೆದೊಯ್ದು, ಇವರು ನಮ್ಮಲ್ಲೊಬ್ಬರಾಗಿದ್ದರು, ಈಗಲೂ ನಮ್ಮಲ್ಲೊಬ್ಬರೇ ಎಂದು ಪರಿಚಯ ಮಾಡಿಕೊಡುವುದು ಅಲ್ಲಿನ ರೂಢಿ ಎಂದು ಆಸ್ಪತ್ರೆಯ ಡೀನ್ ನ್ಯಾಯಾಲಯಕ್ಕೆ ತಿಳಿಸಿದ್ದರು. 2015ರ ಮೇ 18ರಂದು ಅರುಣಾ ಅದೇ ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು.